ಬ್ರೇಕ್ ಹಾಕಿದಾಗ ಗಾಡಿ ನಡುಗುತ್ತದೆಯೇ?

ಸಂಘದ ಸಾಲದಿಂದ ಗಾಡಿ ತೆಗೆದುಕೊಂಡ ಮನೆಗಳು ಈಗ ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ. ಒಬ್ಬರ ಅಂಗಳದಲ್ಲಿ ಹಳೆ ಓಮ್ನಿ, ಇನ್ನೊಬ್ಬರಲ್ಲಿ ಈಕೊ, ಮತ್ತೊಬ್ಬರಲ್ಲಿ ಟಾಟಾ ಏಸ್. ಸಂತೆ ದಿನ ತರಕಾರಿ, ಮದುವೆ ದಿನ ನೆಂಟರು, ರಾತ್ರಿ ಹೊತ್ತು ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆಗೂ ಅದೇ ಗಾಡಿ. ಓಡಿಸುವವರು ಗಂಡನೋ ಮಗನೋ ಇರಬಹುದು. ಈಗೀಗ ನಮ್ಮ ಸದಸ್ಯೆಯರೇ ಸ್ಟೇರಿಂಗ್ ಹಿಡಿಯುವುದೂ ಉಂಟು. ಯಾರೇ ಓಡಿಸಲಿ, ಸಾಲದ ಕಂತು ಬರುವುದು ನಮ್ಮ ಸಂಘದ ಪುಸ್ತಕದಲ್ಲಿ. ಆದ್ದರಿಂದ ಗಾಡಿಯ ಬಗ್ಗೆ ಎರಡು ಮಾತು ತಿಳಿದಿರುವುದು ನಮಗೂ ಬೇಕಾದದ್ದೇ.

ಹೆಚ್ಚಿನ ಗಾಡಿಗಳಲ್ಲಿ ಒಂದಲ್ಲ ಒಂದು ದಿನ ಬರುವ ದೂರು ಇದು: ಸುಮ್ಮನೆ ಓಡುವಾಗ ಏನೂ ಇಲ್ಲ, ಬ್ರೇಕ್ ತುಳಿದ ಕೂಡಲೇ ಸ್ಟೇರಿಂಗ್ ಗಡಗಡ ಅಂತದೆ. ಕೆಲವರು "ಹಳೆ ಗಾಡಿ ಅಲ್ವಾ, ಹಾಗೇ" ಅಂತ ಬಿಟ್ಟುಬಿಡ್ತಾರೆ. ಇನ್ನು ಕೆಲವರು ಗ್ಯಾರೇಜಿಗೆ ಹೋಗಿ, ಅವರು ಹೇಳಿದ್ದನ್ನೆಲ್ಲ ಬದಲಾಯಿಸಿ, ಸಾವಿರಾರು ರೂಪಾಯಿ ಕೊಟ್ಟು ಬರ್ತಾರೆ. ನಾಲ್ಕು ತಿಂಗಳಿಗೆ ನಡುಕ ಮತ್ತೆ ಬರ್ತದೆ. ಎರಡೂ ನಷ್ಟದ ದಾರಿ. ನಡುಕ ಯಾವಾಗ, ಎಲ್ಲಿ ಬರುತ್ತದೆ ಎಂದು ನಾವು ಸರಿಯಾಗಿ ಗಮನಿಸಿ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದ ಹಾಗೆ. ದುಡ್ಡೂ ಉಳಿಯುತ್ತದೆ.

ಬ್ರೇಕ್ ಹೇಗೆ ಕೆಲಸ ಮಾಡುತ್ತದೆ?

ಈಗಿನ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಡಿಸ್ಕ್ ಅಂದರೆ ಚಕ್ರದ ಜೊತೆಯಲ್ಲೇ ತಿರುಗುವ ಒಂದು ಕಬ್ಬಿಣದ ತಟ್ಟೆ. ನಾವು ಪೆಡಲ್ ತುಳಿದಾಗ ಎರಡು ಪ್ಯಾಡ್‌ಗಳು ಈ ತಟ್ಟೆಯನ್ನು ಎರಡು ಕಡೆಯಿಂದ ಹಿಡಿದುಕೊಳ್ಳುತ್ತವೆ. ಪ್ಯಾಡ್‌ಗಳನ್ನು ಒತ್ತುವ ಭಾಗಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಡ್ರಮ್ ಅಂದರೆ ಡಬ್ಬಿಯ ಹಾಗೆ. ಅದರ ಒಳಗಿನಿಂದ ಲೈನಿಂಗ್ ಹಚ್ಚಿದ ಎರಡು ಶೂಗಳು ಅಗಲವಾಗಿ ಒತ್ತುತ್ತವೆ. ಹ್ಯಾಂಡ್ ಬ್ರೇಕ್ ಎಳೆದಾಗ ಕೆಲಸ ಮಾಡುವುದೂ ಈ ಹಿಂದಿನ ಡ್ರಮ್ಮೇ.

ತಟ್ಟೆ ಎಲ್ಲ ಕಡೆ ಒಂದೇ ದಪ್ಪ ಇದ್ದರೆ ಪ್ಯಾಡ್ ಒಂದೇ ಸಮನೆ ಹಿಡಿಯುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ? ಬೀಸುವ ಕಲ್ಲು ಒಂದು ಜಾಗದಲ್ಲಿ ಸಮ ಇಲ್ಲದಿದ್ದರೆ ಪ್ರತಿ ಸುತ್ತಿಗೂ ಅಲ್ಲೇ ಕೈಗೆ ತಡೆ ಸಿಗುತ್ತದಲ್ಲ, ಹಾಗೆ. ದಪ್ಪ ಬಂದಾಗ ಬಿಗಿ, ತೆಳು ಬಂದಾಗ ಸಡಿಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಣ್ಣ ಗಾಡಿಯ ಚಕ್ರ ಒಂದು ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಸೆಕೆಂಡಿಗೆ 10 ಸಲ ಬಿಗಿ-ಸಡಿಲ, ಬಿಗಿ-ಸಡಿಲ. ಅದೇ ನಮ್ಮ ಕೈಗೆ, ಕಾಲಿಗೆ ನಡುಕವಾಗಿ ಬರುವುದು. ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇರಬೇಕಾಗಿಲ್ಲ. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ, ಅಂದರೆ ನಮ್ಮ ತಲೆಕೂದಲಿಗಿಂತ ತೆಳು ವ್ಯತ್ಯಾಸ ಇದ್ದರೂ ಸ್ಟೇರಿಂಗ್‌ಗೆ ಗೊತ್ತಾಗಬಹುದು. "ನೋಡಿದ್ರೆ ಡಿಸ್ಕ್ ಚೆನ್ನಾಗೇ ಇದೆ" ಅನ್ನುವ ಮಾತಿಗೆ ಅರ್ಥವಿಲ್ಲ. ಅದನ್ನು ಅಳೆದೇ ನೋಡಬೇಕು.

ಮೊದಲು ನಾವೇ ಗಮನಿಸುವುದು

ಗಾಡಿಯಲ್ಲಿ ಜನ ಇಲ್ಲದಾಗ, ಖಾಲಿ ಇರುವ ನೇರ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಬರುತ್ತಿಲ್ಲ ಎಂದು ನೋಡಿಕೊಂಡು ಓಡಿಸುವವರು ಪರೀಕ್ಷೆ ಮಾಡಲಿ. ಪಕ್ಕದಲ್ಲಿ ಒಬ್ಬರು ಕುಳಿತು ಗಮನಿಸಿ ಬರೆದುಕೊಂಡರೆ ಇನ್ನೂ ಒಳ್ಳೆಯದು.

ಬ್ರೇಕ್ ಮುಟ್ಟದೆ ಓಡುವಾಗಲೂ ನಡುಗುತ್ತದೆಯೇ? 70-80ರ ವೇಗದಲ್ಲಿ ಸುಮ್ಮನೆ ಹೋಗುವಾಗಲೂ ಸ್ಟೇರಿಂಗ್ ಅದುರಿದರೆ ಅದು ಹೆಚ್ಚಾಗಿ ಟಯರಿನ ಸಮಸ್ಯೆ. ವೀಲ್ ಬ್ಯಾಲೆನ್ಸಿಂಗ್ ತಪ್ಪಿರಬಹುದು, ಟಯರ್ ಉಬ್ಬಿರಬಹುದು, ರಿಮ್ ಗುಂಡಿಗೆ ಬಿದ್ದು ಬೆಂಡ್ ಆಗಿರಬಹುದು. ಅದಕ್ಕೆ ಬ್ರೇಕ್ ಸಾಮಾನು ಬದಲಾಯಿಸಿ ಪ್ರಯೋಜನವಿಲ್ಲ. ಬ್ರೇಕ್ ತುಳಿದಾಗ ಮಾತ್ರ ನಡುಗಿ, ಕಾಲು ತೆಗೆದ ಕೂಡಲೇ ನಿಂತರೆ ಮಾತ್ರ ಮುಂದೆ ಓದಿ.

ನಡುಕ ಕೈಗೆ ಬರುತ್ತದೆಯೋ, ಕುಂಡೆಗೆ ಬರುತ್ತದೆಯೋ? ನಗಬೇಡಿ, ಇದು ಒಳ್ಳೆಯ ಪರೀಕ್ಷೆ. ಸ್ಟೇರಿಂಗ್ ಅದುರಿದರೆ ದೋಷ ಹೆಚ್ಚಾಗಿ ಮುಂದಿನ ಚಕ್ರದಲ್ಲಿ. ಸ್ಟೇರಿಂಗ್ ಸುಮ್ಮನಿದ್ದು ಸೀಟು, ನೆಲ, ಹಿಂಭಾಗ ಅದುರಿದರೆ ಹಿಂದಿನ ಡ್ರಮ್ ಮೇಲೆ ಸಂಶಯ ಪಡಬೇಕು. ಪೆಡಲ್ ಕಾಲಿಗೆ ಮೇಲೆ ಕೆಳಗೆ ಹೊಡೆದ ಹಾಗೆ ಆಗುವುದು ಎರಡರಲ್ಲೂ ಉಂಟು.

ಹಿಂದಿನದ್ದೇ ಹೌದೋ ಅಂತ ನೋಡಲು ಹ್ಯಾಂಡ್ ಬ್ರೇಕ್ ಪರೀಕ್ಷೆ ಇದೆ. ಒಣಗಿದ ಖಾಲಿ ಮೈದಾನದಲ್ಲಿ, 30ಕ್ಕಿಂತ ಹೆಚ್ಚು ವೇಗ ಇಲ್ಲದೆ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿಯೇ ಹಿಡಿದುಕೊಂಡು ನಿಧಾನವಾಗಿ ಎಳೆಯಬೇಕು. ಕೂಡಲೇ ಬಿಡಲು ಬರಬೇಕು, ಅದಕ್ಕೇ ಗುಂಡಿ ಒತ್ತಿರುವುದು. ಕಾಲಿನ ಬ್ರೇಕ್ ಮುಟ್ಟಬಾರದು. ಆಗ ನಡುಕ ಬಂದರೆ ದೋಷ ಹಿಂದಿನ ಡ್ರಮ್ಮಿನದು. ಮಳೆಗಾಲದ ಒದ್ದೆ ರಸ್ತೆಯಲ್ಲಿ ಇದನ್ನು ಖಂಡಿತ ಮಾಡಬೇಡಿ, ಹಿಂದಿನ ಚಕ್ರ ಜಾರಿ ಗಾಡಿ ಅಡ್ಡ ತಿರುಗುತ್ತದೆ. ಕೈ ಪಳಗದವರು ಇದನ್ನು ಮೆಕ್ಯಾನಿಕ್‌ಗೇ ಬಿಡಲಿ.

ಇನ್ನೊಂದು ವಿಷಯ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅಂಥ ಗಾಡಿಯಲ್ಲಿ ನಾಯಿ ಅಡ್ಡ ಬಂತೆಂದು ಜೋರಾಗಿ ಬ್ರೇಕ್ ಒತ್ತಿದರೆ ಪೆಡಲ್ ಕಾಲಿಗೆ ಟಕಟಕ ಹೊಡೆಯುತ್ತದೆ, ಕೆಳಗಿನಿಂದ ಶಬ್ದವೂ ಬರುತ್ತದೆ. ಅದು ದೋಷವಲ್ಲ, ಚಕ್ರ ಜಾರದಂತೆ ಎಬಿಎಸ್ ಕೆಲಸ ಮಾಡುವ ರೀತಿಯೇ ಹಾಗೆ. ಹೆದರಿ ಕಾಲು ತೆಗೆಯಬಾರದು. ಮೆಲ್ಲಗೆ ತುಳಿದಾಗಲೂ ನಡುಗಿದರೆ ಮಾತ್ರ ತೋರಿಸಬೇಕು.

ಮಳೆಗಾಲದಲ್ಲಿ ಗಾಡಿ ನಾಲ್ಕು ದಿನ ನಿಂತಿದ್ದರೆ ಡಿಸ್ಕ್ ಮೇಲೆ ಕೆಂಪು ತುಕ್ಕು ಹಿಡಿಯುತ್ತದೆ. ಮೊದಲ ಕೆಲವು ಬ್ರೇಕಿಗೆ ಕರಕರ ಅಂದು ಆಮೇಲೆ ಸರಿಯಾಗುತ್ತದೆ. ಇದಕ್ಕೂ ಗ್ಯಾರೇಜಿಗೆ ಓಡಬೇಕಾಗಿಲ್ಲ. ಆದರೆ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪ್ಯಾಡ್ ಕೂತ ಜಾಗದ ಗುರುತು ಡಿಸ್ಕ್ ಮೇಲೆ ಉಳಿದು, ನಡುಕ ಹೋಗದೆಯೂ ಇರಬಹುದು.

ನಡುಕ ಬರುವುದು ಯಾಕೆ?

ಗ್ಯಾರೇಜಿನಲ್ಲಿ "ಡಿಸ್ಕ್ ಬೆಂಡ್ ಆಗಿದೆ" ಅಂತ ಒಂದೇ ಮಾತು ಹೇಳ್ತಾರೆ. ನಿಜವಾಗಿ ಬೆಂಡ್ ಆಗುವುದು ಕಡಿಮೆ. ಹೆಚ್ಚಾಗಿ ಆಗುವುದು ಹೀಗೆ: ಡಿಸ್ಕ್ ಕೂರುವ ಜಾಗಕ್ಕೆ ಹಬ್ ಅನ್ನುತ್ತಾರೆ. ಹಬ್‌ನ ಮುಖದಲ್ಲಿ ತುಕ್ಕಿನ ಪದರವೋ ಮಣ್ಣೋ ಇದ್ದರೆ ಡಿಸ್ಕ್ ಸ್ವಲ್ಪ ಓರೆಯಾಗಿ ಕೂರುತ್ತದೆ. ಸಗಣಿ ಸಾರಿಸಿದ ನೆಲದಲ್ಲಿ ಒಂದು ಸಣ್ಣ ಕಲ್ಲಿನ ಮೇಲೆ ಕೊಡಪಾನ ಇಟ್ಟ ಹಾಗೆ. ಈ ಓರೆಯಿಂದಾಗಿ ಡಿಸ್ಕ್ ತಿರುಗುವಾಗ ಅದರ ಒಂದೇ ಜಾಗ ಪ್ರತಿ ಸುತ್ತಿಗೂ ಪ್ಯಾಡ್‌ಗೆ ತಾಗುತ್ತಾ ಹೋಗುತ್ತದೆ, ಬ್ರೇಕ್ ಹಾಕದಿದ್ದರೂ. ಆ ಜಾಗ ಮೆಲ್ಲನೆ ಸವೆಯುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ದಪ್ಪ-ತೆಳು ವ್ಯತ್ಯಾಸ ಆಗಿ ನಡುಕ ಶುರುವಾಗುತ್ತದೆ.

ಹೊಸ ಡಿಸ್ಕ್ ಹಾಕಿಸಿದ ಗಾಡಿ ನಾಲ್ಕು ತಿಂಗಳಿಗೆ ಮತ್ತೆ ನಡುಗುವ ಗುಟ್ಟು ಇದೇ. ಡಿಸ್ಕ್ ಬದಲಾಯಿಸಿದರು, ಹಬ್ ಮೇಲಿನ ತುಕ್ಕನ್ನು ತೆಗೆಯಲಿಲ್ಲ. ದುಬಾರಿ ಸಾಮಾನು ಹಾಕಿ, ಒಂದು ತುಂಡು ಎಮರಿ ಪೇಪರಿನ ಕೆಲಸ ಬಿಟ್ಟರು.

ಚಕ್ರದ ನಟ್‌ಗಳನ್ನು ಒಂದೇ ಸಮನೆ ಬಿಗಿ ಮಾಡದಿದ್ದರೂ ಇದೇ ಕಥೆ. ಪಂಚರ್ ಹಾಕಿಸಿದಾಗ ಗಮನಿಸಿ. ಕೆಲವು ಕಡೆ ಗಾಳಿ ಗನ್ ಹಿಡಿದು ಒಂದಾದ ಮೇಲೆ ಒಂದು ನಟ್ ಜೋರಾಗಿ ತಿರುಗಿಸಿಬಿಡ್ತಾರೆ. ಸರಿಯಾದ ಕ್ರಮ ಎದುರು-ಬದುರು ಬಿಗಿ ಮಾಡುವುದು: ಮೇಲಿನದಾದ ಮೇಲೆ ಕೆಳಗಿನದು, ಎಡದ್ದಾದ ಮೇಲೆ ಬಲದ್ದು, ಎರಡು ಮೂರು ಸುತ್ತಿನಲ್ಲಿ. ಕೊನೆಗೆ ಎಷ್ಟು ಬಿಗಿ ಬೇಕು ಅನ್ನುವುದಕ್ಕೆ ಟಾರ್ಕ್ ರೆಂಚ್ ಎಂಬ ಅಳತೆಯ ಸ್ಪ್ಯಾನರ್ ಇದೆ. "ನಮ್ದು ಹಾಗೇ ಎದುರು-ಬದುರು ಹಾಕಿ ಅಣ್ಣಾ" ಅಂತ ಹೇಳುವುದಕ್ಕೆ ನಾಚಿಕೆ ಬೇಡ. ಪಂಚರ್ ಹಾಕಿಸಿದ ನಂತರವೇ ನಡುಕ ಶುರುವಾಗಿದ್ದರೆ, ಬೇರೆ ಖರ್ಚು ಮಾಡುವ ಮೊದಲು ನಟ್ ಸಡಿಲಿಸಿ ಸರಿಯಾಗಿ ಹಾಕಿಸಿ ನೋಡಿ.

ಕ್ಯಾಲಿಪರ್ ಜಾಮ್ ಆಗುವುದು ಮತ್ತೊಂದು ಕಾರಣ. ಕ್ಯಾಲಿಪರ್ ಅತ್ತಿತ್ತ ಸರಿಯಲು ಎರಡು ಪಿನ್ ಇರುತ್ತವೆ. ಅವುಗಳ ರಬ್ಬರ್ ಹರಿದು ನೀರು ಹೋಗಿ ತುಕ್ಕು ಹಿಡಿದರೆ, ಕಾಲು ತೆಗೆದರೂ ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ. ಗಾಡಿ ಎಳೆದ ಹಾಗಾಗ್ತದೆ, ಮೈಲೇಜ್ ಇಳೀತದೆ, ಒಂದು ಚಕ್ರ ಮಾತ್ರ ಕೆಂಡದಂತೆ ಬಿಸಿಯಾಗುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ಎಡ-ಬಲ ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ. ಡಿಸ್ಕ್ ಮುಟ್ಟಬೇಡಿ, ಚರ್ಮ ಸುಟ್ಟುಹೋಗುತ್ತದೆ. ಒಂದರ ಬಿಸಿ ಇನ್ನೊಂದಕ್ಕಿಂತ ತುಂಬ ಹೆಚ್ಚಿದ್ದರೆ ಆ ಕಡೆಯದು ಜಾಮ್ ಆಗಿದೆ ಎಂದೇ ತಿಳಿಯಿರಿ. ಪಿನ್ ತೆಗೆದು ಶುಚಿ ಮಾಡಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ, ರಬ್ಬರ್ ಬದಲಾಯಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಪಿಸ್ಟನ್ನೇ ಅಂಟಿದ್ದರೆ ಕೆಲಸ ಸ್ವಲ್ಪ ದೊಡ್ಡದು.

ಹಿಂದಿನ ಡ್ರಮ್ಮಿನಲ್ಲಿ ದುಂಡಗಿನ ಆಕಾರ ತಪ್ಪಿ ಅಂಡಾಕಾರ ಆಗುವುದು ನಡುಕಕ್ಕೆ ಕಾರಣ. ಘಾಟಿ ಇಳಿದು ಕಾದ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು ಗಂಟೆಗಟ್ಟಲೆ ನಿಲ್ಲಿಸಿದರೆ ಹೀಗಾಗುವ ಸಂಭವ ಇದೆ. ಸಮತಟ್ಟು ಜಾಗವಾದರೆ ಗೇರಿನಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟು, ತಣ್ಣಗಾದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬಹುದು. ಇಳಿಜಾರಿನಲ್ಲಿ ಮಾತ್ರ ಆ ಯೋಚನೆ ಬೇಡ, ಹ್ಯಾಂಡ್ ಬ್ರೇಕ್ ಎಳೆಯಲೇಬೇಕು.

ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಸಸ್ಪೆನ್ಷನ್ ಬುಷ್, ವೀಲ್ ಬೇರಿಂಗ್ ಇವು ಸವೆದಿದ್ದರೆ ಸಣ್ಣ ನಡುಕವೂ ದೊಡ್ಡದಾಗಿ ಕೈಗೆ ಬರುತ್ತದೆ. ನಮ್ಮ ಮಣ್ಣು ರಸ್ತೆ, ಗುಂಡಿಗಳಲ್ಲಿ ಓಡುವ ಗಾಡಿಗಳಲ್ಲಿ ಇದು ಹೆಚ್ಚು. ಚಕ್ರವನ್ನು ಜಾಕಿಯಲ್ಲಿ ಎತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದರೆ ಮೆಕ್ಯಾನಿಕ್‌ಗೆ ತಿಳಿಯುತ್ತದೆ. ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಯಾರೂ ಮಲಗಬಾರದು, ಗಟ್ಟಿ ಸ್ಟ್ಯಾಂಡ್ ಕೊಡಲೇಬೇಕು.

"ಅಲೈನ್‌ಮೆಂಟ್ ಮಾಡಿಸಿ, ಸರಿ ಹೋಗ್ತದೆ" ಅನ್ನುವವರಿದ್ದಾರೆ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟಯರ್ ಒಂದು ಬದಿ ಸವೆಯುತ್ತದೆ. ಬ್ರೇಕ್ ಹಾಕಿದಾಗ ಮಾತ್ರ ಬರುವ ನಡುಕ ಅದರಿಂದ ಹೋಗುವುದಿಲ್ಲ.

ಗ್ಯಾರೇಜಿನಲ್ಲಿ ಏನು ಕೇಳಬೇಕು?

ಮೊದಲನೆಯದು, "ಡಿಸ್ಕ್ ಅಳೆದಿರಾ?" ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ಸುತ್ತಲೂ ಏಳೆಂಟು ಕಡೆ ಅಳೆಯಬೇಕು. ಓರೆ ಎಷ್ಟಿದೆ ಎಂದು ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಬೇಕು. ಕಂಪನಿ ಮಿತಿ ಗಾಡಿಯಿಂದ ಗಾಡಿಗೆ ಬೇರೆ. ಎಷ್ಟೋ ಗಾಡಿಗಳಲ್ಲಿ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಹಾಗೆಯೇ ಡಿಸ್ಕ್ ಇದಕ್ಕಿಂತ ತೆಳುವಾಗಬಾರದು ಎಂಬ ಸಂಖ್ಯೆಯನ್ನು ಹೆಚ್ಚಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ದಪ್ಪ ಇನ್ನೂ ಸಾಕಷ್ಟು ಇದ್ದರೆ ಲೇತ್‌ನಲ್ಲಿ ಸಮ ಮಾಡಿಸಬಹುದು. ಸಮ ಮಾಡಿದ ಮೇಲೂ ಆ ಸಂಖ್ಯೆಗಿಂತ ದಪ್ಪ ಉಳಿಯಬೇಕು. ಉಳಿಯದಿದ್ದರೆ ಹೊಸದೇ ಹಾಕಬೇಕು, ಅಲ್ಲಿ ಉಳಿತಾಯ ನೋಡಬಾರದು. ತೆಳು ಡಿಸ್ಕ್ ಬೇಗ ಕಾಯುತ್ತದೆ, ಬಿರುಕು ಬಿಡುತ್ತದೆ. ಸಮ ಮಾಡುವುದಾದರೂ ಹೊಸದು ಹಾಕುವುದಾದರೂ ಎಡ-ಬಲ ಎರಡಕ್ಕೂ ಮಾಡಿಸಿ. ಒಂದಕ್ಕೆ ಮಾತ್ರ ಮಾಡಿದರೆ ಬ್ರೇಕ್ ಒಂದು ಕಡೆ ಎಳೆಯಬಹುದು.

ಎರಡನೆಯದು, "ಹಬ್ ಕ್ಲೀನ್ ಮಾಡಿದಿರಾ? ಹಾಕಿದ ಮೇಲೆ ಮತ್ತೆ ಗೇಜ್ ಇಟ್ಟು ನೋಡಿದಿರಾ?" ಈ ಎರಡು ಪ್ರಶ್ನೆ ಕೇಳಿದರೆ ಒಳ್ಳೆಯ ಮೆಕ್ಯಾನಿಕ್‌ಗೆ ಸಿಟ್ಟು ಬರುವುದಿಲ್ಲ, ಖುಷಿಯೇ ಆಗುತ್ತದೆ. ಗೇಜೇ ಇಲ್ಲದ ಗ್ಯಾರೇಜ್ ಆದರೆ ಡಿಸ್ಕ್ ಕೆಲಸಕ್ಕೆ ಪೇಟೆಯ ಇನ್ನೊಂದು ಕಡೆ ವಿಚಾರಿಸಿ.

ಪ್ಯಾಡ್ ಹೊಸದಿದ್ದಾಗ ಅದರ ಲೈನಿಂಗ್ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. 3 ಮಿಲಿಮೀಟರಿಗೆ ಬಂದಾಗ ಬದಲಾಯಿಸುವ ಸಿದ್ಧತೆ ಮಾಡಿಕೊಳ್ಳಿ. ರಸ್ತೆ ಬದಿಯಲ್ಲಿ ಅರ್ಧ ಬೆಲೆಗೆ ಸಿಗುವ ಡುಪ್ಲಿಕೇಟ್ ಪ್ಯಾಡ್ ಬೇಡ. ಬಿಲ್ ಕೊಡುವ ಅಂಗಡಿಯಿಂದಲೇ ತನ್ನಿ. ತೆಗೆದ ಹಳೆ ಸಾಮಾನನ್ನು ವಾಪಸ್ ಕೇಳಿ ತೆಗೆದುಕೊಳ್ಳಿ. ಕೆಲಸ ಶುರು ಮಾಡುವ ಮೊದಲೇ ಸಾಮಾನಿಗೆಷ್ಟು, ಕೂಲಿಗೆಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ರಿಪೇರಿಗೆ ಸಂಘದಿಂದ ಆಂತರಿಕ ಸಾಲ ಕೇಳುವವರು ಆ ಚೀಟಿಯನ್ನೇ ಸಭೆಗೆ ತಂದರೆ ನಿರ್ಣಯ ಬರೆಯಲೂ ಸುಲಭ.

ಬ್ರೇಕಿನ ಧೂಳನ್ನು ಬಾಯಲ್ಲಿ ಊದುವುದು, ಮಕ್ಕಳು ಹತ್ತಿರ ನಿಂತು ನೋಡುವುದು ಬೇಡ. ಕೆಲವು ಲೈನಿಂಗ್‌ಗಳ ಧೂಳಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಕೂಡಲೇ ನಿಲ್ಲಿಸಬೇಕಾದದ್ದು ಯಾವಾಗ?

ಬರೀ ಸಣ್ಣ ನಡುಕವಾದರೆ ಮೆಲ್ಲಗೆ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬಹುದು, ಒಂದೆರಡು ದಿನದೊಳಗೆ. ಆದರೆ ಪೆಡಲ್ ಮೆತ್ತಗಾಗಿ ಕೆಳಗಿನವರೆಗೆ ಹೋದರೆ, ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಹಾರಿದರೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಶಬ್ದ ಬಂದರೆ, ಚಕ್ರದ ಹತ್ತಿರ ಎಣ್ಣೆ ಸೋರಿದ್ದು ಕಂಡರೆ, ಸುಟ್ಟ ವಾಸನೆ ಬಂದರೆ ಬಾಡಿಗೆ ಎಷ್ಟೇ ಇರಲಿ ಗಾಡಿ ಅಲ್ಲೇ ನಿಲ್ಲಬೇಕು. ಓಡುವಾಗಲೂ ನಡುಗುತ್ತಾ ಚಕ್ರದಿಂದ ಟಕ್ ಟಕ್ ಶಬ್ದ ಬಂದರೆ ಮೊದಲು ನಟ್ ನೋಡಿ. ನಟ್ ಸಡಿಲವಾಗಿ ಚಕ್ರವೇ ಕಳಚುವುದು ಕಥೆಯಲ್ಲ, ಆಗುವಂಥದ್ದೇ.

ಘಾಟಿಯ ನಮ್ಮವರಿಗೆ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವವರು, ಆಗುಂಬೆ, ಶಿರಾಡಿ ಇಳಿಯುವವರು ಇದನ್ನು ಸ್ವಲ್ಪ ಹೆಚ್ಚು ಗಮನವಿಟ್ಟು ಓದಬೇಕು. ಇಳಿಜಾರಿನಲ್ಲಿ ಮೇಲಿನ ಗೇರಿನಲ್ಲೇ ಬಿಟ್ಟು, ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬಂದರೆ ಡಿಸ್ಕ್ ದೋಸೆ ಕಾವಲಿಗಿಂತ ಹೆಚ್ಚು ಕಾಯುತ್ತದೆ. ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ಡೀಸೆಲ್ ಉಳಿಸುತ್ತೇವೆಂದು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸ ಕೆಲವರಿಗಿದೆ. ಇದು ಜೀವಕ್ಕೆ ಅಪಾಯ: ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಬೂಸ್ಟರ್ ಬಲವೂ ಸ್ವಲ್ಪದರಲ್ಲೇ ಮುಗಿದು, ಪೆಡಲ್ ಕಲ್ಲಿನಂತಾಗುತ್ತದೆ. ಇಳಿಯುವ ಮೊದಲೇ ಎರಡನೇ ಗೇರಿಗೋ ಮೂರನೆಯದಕ್ಕೋ ಇಳಿಸಿ, ಎಂಜಿನ್ನೇ ಗಾಡಿಯನ್ನು ಹಿಡಿಯುವಂತೆ ಮಾಡಿ, ತಿರುವಿಗೆ ಮುಂಚೆ ಒಮ್ಮೆ ಸರಿಯಾಗಿ ಬ್ರೇಕ್ ಹಾಕಿ ಕಾಲು ತೆಗೆಯಬೇಕು.

ಇಳಿದ ಕೂಡಲೇ ಬ್ರೇಕ್ ಒತ್ತಿ ಹಿಡಿದು ನಿಲ್ಲಬೇಡಿ. ಕಾದ ಪ್ಯಾಡ್ ಒಂದೇ ಜಾಗದಲ್ಲಿ ಅಂಟಿದಂತಾಗಿ ಡಿಸ್ಕ್ ಮೇಲೆ ಅದರ ಅಂಶ ಉಳಿಯುತ್ತದೆ, ನಡುಕಕ್ಕೆ ಅದೂ ಒಂದು ಆರಂಭ. ಸಾಧ್ಯವಾದರೆ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಗಾಳಿಗೆ ಆರಲು ಬಿಡಿ. ಬಿಸಿ ಚಕ್ರಕ್ಕೆ ನೀರು ಎರಚುವುದನ್ನಂತೂ ಮಾಡಲೇಬೇಡಿ. ಕಾದ ಕಾವಲಿಗೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಆಯಿಲ್ ಘಾಟಿಯ ಬಿಸಿಗೆ ಕುದಿದರೆ ಪೆಡಲ್ ತುಳಿದರೂ ಬ್ರೇಕ್ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಡಾಟ್ 3 ಬೇಕೋ ಡಾಟ್ 4 ಬೇಕೋ ಎಂಬುದು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ.

ಹೊಸ ಪ್ಯಾಡ್, ಡಿಸ್ಕ್ ಹಾಕಿಸಿದ ಮೇಲೆ ಮೊದಲ ಸುಮಾರು 200 ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕದೆ, ಮುಂದಿನ ಗಾಡಿಗೆ ಹೆಚ್ಚು ಅಂತರ ಬಿಟ್ಟು, ಹಗುರವಾಗಿ ಓಡಿಸಬೇಕು. ಎರಡೂ ಒಂದಕ್ಕೊಂದು ಹೊಂದಿಕೊಳ್ಳಲು ಅಷ್ಟು ಬೇಕು. ಆ ವಾರ ಘಾಟಿಯ ಬಾಡಿಗೆ ಒಪ್ಪಿಕೊಳ್ಳದಿದ್ದರೆ ಒಳ್ಳೆಯದು. ಗ್ಯಾರೇಜಿನಿಂದ ಹೊರಡುವಾಗ, ಗಾಡಿ ಕದಲಿಸುವ ಮೊದಲೇ, ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿಯಿರಿ. ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ, ಮೊದಲ ತುಳಿತಕ್ಕೆ ಬ್ರೇಕ್ ಇರುವುದಿಲ್ಲ. ಮಾಡಿಸಿದ ದಿನದ ಮೀಟರ್ ಓದನ್ನು ಬಿಲ್ಲಿನ ಹಿಂದೆ ಬರೆದಿಡಿ. ಕೆಲವು ಸಾವಿರ ಕಿಲೋಮೀಟರಿಗೆ ನಡುಕ ಮತ್ತೆ ಬಂದರೆ ಆ ಬಿಲ್ ಹಿಡಿದುಕೊಂಡೇ ಹೋಗಿ, ಹಬ್‌ನಿಂದ ಶುರು ಮಾಡಿ ನೋಡಲು ಹೇಳಿ.